ಕಾರನ್ನು ನಿಲ್ಲಿಸುವುದು ಬ್ರೇಕೋ, ಟೈರೋ?

ಓಡುವ ಕಾರನ್ನು ನಿಲ್ಲಿಸುವುದು ಯಾವುದು? ಹೀಗೆ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಥಟ್ಟನೆ ‘ಬ್ರೇಕು’ ಎನ್ನುತ್ತಾರೆ. ಉತ್ತರ ಅರ್ಧ ಮಾತ್ರ ಸರಿ. ಬ್ರೇಕು ಹಿಡಿಯುವುದು ಚಕ್ರವನ್ನು. ಕಾರನ್ನು ಹಿಡಿದು ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಈ ಸಣ್ಣ ವ್ಯತ್ಯಾಸ ತಿಳಿಯದೆ ಬ್ರೇಕಿಗೆ ಲಕ್ಷಗಟ್ಟಲೆ ಹಣ ಸುರಿದವರಿದ್ದಾರೆ. ಹಣ ಸುರಿದೆವಲ್ಲ ಎಂಬ ಧೈರ್ಯದಲ್ಲಿ ಸವೆದ ಟೈರಿನ ಮೇಲೆಯೇ ವೇಗವಾಗಿ ಓಡಿಸುವವರೂ ಇದ್ದಾರೆ. ಮೊದಲನೆಯವರಿಗೆ ಹೋಗುವುದು ಹಣ, ಎರಡನೆಯವರಿಗೆ ಹೋಗಬಹುದಾದದ್ದು ಪ್ರಾಣ.

ಉದಾಹರಣೆಗೆ ಜರ್ಮನಿಯ ಪೋರ್ಷೆ ಕಂಪನಿಯ ‘911’ ಕಾರನ್ನು ತೆಗೆದುಕೊಳ್ಳಬಹುದು. 1960ರ ದಶಕದಿಂದ ತಯಾರಾಗುತ್ತಿರುವ ಈ ಕಾರಿನ ವೇಗ ಹೆಸರುವಾಸಿ. ಇದಕ್ಕೆ ಮಾಮೂಲಾಗಿ ಬರುವುದು ಎರಕದ ಕಬ್ಬಿಣದ ಬ್ರೇಕ್ ಡಿಸ್ಕು. 2001ರಲ್ಲಿ ಕಂಪನಿ ಸೆರಾಮಿಕ್ ಡಿಸ್ಕಿನ ಬ್ರೇಕನ್ನೂ ಹೊರತಂದಿತು. ಇಂಗಾಲದ ಎಳೆಗಳನ್ನು ಒಳಗೊಂಡ ತಟ್ಟೆಗೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಿಲಿಕಾನ್ ಉಣಿಸಿದಾಗ ಸಿಲಿಕಾನ್ ಕಾರ್ಬೈಡ್ ಎಂಬ ಅತಿ ಗಡಸು ವಸ್ತು ಉಂಟಾಗುತ್ತದೆ. ಡಿಸ್ಕು ಮಾಡುವುದು ಅದರಿಂದಲೇ. ಅದೇ ಅಳತೆಯ ಕಬ್ಬಿಣದ ಡಿಸ್ಕಿಗೆ ಹೋಲಿಸಿದರೆ ಇದರ ತೂಕ ಸುಮಾರು ಅರ್ಧ. ತುಕ್ಕು ಹಿಡಿಯುವುದಿಲ್ಲ, ರಸ್ತೆಯ ಮೇಲಿನ ಸಾಮಾನ್ಯ ಓಡಾಟದಲ್ಲಿ ಬಹುಕಾಲ ಬಾಳುತ್ತದೆ. ಇಷ್ಟೆಲ್ಲ ಗುಣಗಳ ಜೊತೆಗೆ ಬೆಲೆಯೂ ಇದೆ. 2020ರ ಸುಮಾರಿಗೆ ಅಮೆರಿಕದಲ್ಲಿ 911 ಕೊಳ್ಳುವವರು ಈ ಬ್ರೇಕಿಗೆಂದೇ ಹೆಚ್ಚುವರಿಯಾಗಿ ಸುಮಾರು ಒಂಬತ್ತು ಸಾವಿರ ಡಾಲರ್ ತೆರಬೇಕಿತ್ತು. ಅಂದಿನ ಲೆಕ್ಕದಲ್ಲಿ ಆರು ಲಕ್ಷ ರೂಪಾಯಿಗೂ ಮಿಕ್ಕಿ!

ಇಷ್ಟು ಹಣ ಕೊಟ್ಟರೆ ಕಾರು ಬೇಗ ನಿಲ್ಲುತ್ತದೆಯೆ? ಇದಕ್ಕೆ ಉತ್ತರ ಹೈಸ್ಕೂಲಿನ ಭೌತವಿಜ್ಞಾನದಲ್ಲೇ ಇದೆ.

ಕಾರಿನ ತೂಕ 1,500 ಕಿಲೋಗ್ರಾಂ, ವೇಗ ಗಂಟೆಗೆ 100 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 27.8 ಮೀಟರ್. ಒಣ ಡಾಂಬರು ರಸ್ತೆ ಮತ್ತು ಒಳ್ಳೆಯ ಟೈರಿನ ನಡುವಿನ ಘರ್ಷಣಾಂಕ ಹೆಚ್ಚುಕಡಿಮೆ 1. ನಿಲ್ಲಲು ಬೇಕಾದ ದೂರ ತಿಳಿಯಬೇಕಾದರೆ ವೇಗದ ವರ್ಗವನ್ನು, ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. 773ನ್ನು 19.6ರಿಂದ ಭಾಗಿಸಿದರೆ ಬರುವುದು ಸುಮಾರು 39 ಮೀಟರ್. ಈ ಲೆಕ್ಕದಲ್ಲಿ ಬ್ರೇಕಿನ ಹೆಸರೇ ಬರಲಿಲ್ಲ ಎಂಬುದನ್ನು ಗಮನಿಸಿ. ಬಂದದ್ದು ವೇಗ, ಗುರುತ್ವ, ಮತ್ತು ಟೈರಿನ ಹಿಡಿತ, ಈ ಮೂರೇ.

ಟೈರು ಇನ್ನೂ ಉತ್ತಮವಾಗಿದ್ದು ಘರ್ಷಣಾಂಕ 1.1 ಆದರೆ ದೂರ ಸುಮಾರು 36 ಮೀಟರಿಗೆ ಇಳಿಯುತ್ತದೆ. ಮಳೆಯಲ್ಲಿ ನೆನೆದ ರಸ್ತೆಯ ಮೇಲೆ, ಸವೆದ ಟೈರಿನಿಂದಾಗಿ ಅದು 0.5ಕ್ಕೆ ಬಿದ್ದರೆ ದೂರ 79 ಮೀಟರಿಗೆ ಏರುತ್ತದೆ. ಈ 79 ಮೀಟರನ್ನು ಯಾವ ಸೆರಾಮಿಕ್ ಡಿಸ್ಕೂ 39 ಮಾಡಲಾರದು.

ಹಾಗಾದರೆ ಬ್ರೇಕಿಗೆ ಕೆಲಸವೇ ಇಲ್ಲವೆ? ಇದೆ. ಟೈರು ತಡೆಯುವಷ್ಟು ಬಲವನ್ನು ಚಕ್ರಕ್ಕೆ ಒದಗಿಸುವುದು ಅದರ ಮೊದಲ ಕೆಲಸ. ಅದಕ್ಕಿಂತ ಹೆಚ್ಚು ಬಲ ಹಾಕಿದರೆ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಹಾಗೆ ಜಾರದಂತೆ ನೋಡಿಕೊಳ್ಳುವುದೇ ಎಬಿಎಸ್. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂತು. ಜೋರಾಗಿ ಬ್ರೇಕು ತುಳಿದಾಗ ಪೆಡಲು ಕಾಲಿನ ಕೆಳಗೆ ಪಟಪಟನೆ ಅದುರಿದರೆ ಎಬಿಎಸ್ ಕೆಲಸಕ್ಕೆ ಇಳಿದಿದೆ ಎಂದರ್ಥ. ಅಂದರೆ ಟೈರು ತಡೆಯುವುದಕ್ಕಿಂತ ಹೆಚ್ಚಿನ ಬಲ ಆ ಬ್ರೇಕಿನಲ್ಲಿ ಆಗಲೇ ಇದೆ. ಅದಕ್ಕಿಂತ ಬಲವಾದ ಬ್ರೇಕು ಹಾಕಿಸಿದರೆ ಎಬಿಎಸ್ ಇನ್ನಷ್ಟು ಬೇಗ ಅದುರೀತು, ಕಾರು ನಿಲ್ಲುವ ದೂರ ಹೆಚ್ಚುಕಡಿಮೆ ಅಷ್ಟೇ ಉಳಿದೀತು. 911ರಂಥ ಕಾರಿನ ಮಾಮೂಲು ಕಬ್ಬಿಣದ ಬ್ರೇಕಿಗೇ ಈ ಶಕ್ತಿ ಧಾರಾಳವಾಗಿದೆ.

ದುಬಾರಿ ಬ್ರೇಕಿನ ಬೆಲೆ ತಿಳಿಯಬೇಕಾದರೆ ಬ್ರೇಕಿನ ಎರಡನೆಯ ಕೆಲಸವನ್ನು ನೋಡಬೇಕು. ಅದು ಶಾಖವನ್ನು ಸಹಿಸುವುದು. ಕಾರು ನಿಂತಾಗ ಅದರ ಚಲನಶಕ್ತಿ ಮಾಯವಾಗುವುದಿಲ್ಲ, ಬಹುಪಾಲು ಉಷ್ಣವಾಗಿ ಬ್ರೇಕಿನಲ್ಲಿ ಸೇರುತ್ತದೆ. ಗಂಟೆಗೆ 100 ಕಿಲೋಮೀಟರಿನಿಂದ ನಿಂತರೆ ಸುಮಾರು 5.8 ಲಕ್ಷ ಜೂಲ್. ನಾಲ್ಕು ಕಬ್ಬಿಣದ ಡಿಸ್ಕುಗಳ ಒಟ್ಟು ತೂಕ 40 ಕಿಲೋಗ್ರಾಂ ಎಂದು ಹಿಡಿದರೆ, ಅಷ್ಟೂ ಉಷ್ಣ ಅವುಗಳಲ್ಲೇ ಉಳಿದರೂ ಅವು ಬಿಸಿಯೇರುವುದು ಸುಮಾರು 31 ಡಿಗ್ರಿ ಮಾತ್ರ. ಊರ ರಸ್ತೆಯಲ್ಲಿ ಇದು ಏನೇನೂ ಅಲ್ಲ.

ಗಂಟೆಗೆ 250 ಕಿಲೋಮೀಟರಿನಿಂದ ನಿಂತರೆ? ವೇಗ ಎರಡೂವರೆ ಪಟ್ಟು, ಆದರೆ ಶಕ್ತಿ ವೇಗದ ವರ್ಗದಂತೆ ಏರುವುದರಿಂದ ಆರೂಕಾಲು ಪಟ್ಟು! ಡಿಸ್ಕಿನ ಬಿಸಿ ಒಂದೇ ಸಲಕ್ಕೆ ಸುಮಾರು 196 ಡಿಗ್ರಿ ಏರುತ್ತದೆ. ಜರ್ಮನಿಯ ಹೆದ್ದಾರಿ ಆಟೋಬಾನ್‌ನ ಕೆಲವು ಭಾಗಗಳಲ್ಲಿ ವೇಗದ ಮಿತಿಯಿಲ್ಲ. ಅಲ್ಲಿ ಇಂಥ ಬ್ರೇಕು ಹಿಡಿಯುವ ಪ್ರಸಂಗ ಯಾವಾಗಲೋ ಒಮ್ಮೆ ಬಂದೀತು. ಆಮೇಲೆ ಗಾಳಿ ಬೀಸಿ ಡಿಸ್ಕು ತಣ್ಣಗಾಗಲು ಸಮಯವಿರುತ್ತದೆ. ಆದ್ದರಿಂದ ಸುಸ್ಥಿತಿಯಲ್ಲಿರುವ ಕಬ್ಬಿಣದ ಡಿಸ್ಕು ಅಲ್ಲಿಯೂ ಸಾಕು.

ಅದೇ ದೇಶದ ನೂರ್ಬರ್ಗ್‌ರಿಂಗ್ ಪಥದ ಮಾತು ಬೇರೆ. ಐಫೆಲ್ ಬೆಟ್ಟಗಳ ನಡುವೆ 1927ರಲ್ಲಿ ಆರಂಭವಾದ ಈ ಪಥದ ಉತ್ತರ ಸುತ್ತಿನ ಉದ್ದ 20.8 ಕಿಲೋಮೀಟರ್. ನಿಗದಿಯಾದ ದಿನಗಳಲ್ಲಿ ಶುಲ್ಕ ಕೊಟ್ಟು ಯಾರು ಬೇಕಾದರೂ ತಮ್ಮ ಕಾರನ್ನು ಇಲ್ಲಿ ಓಡಿಸಬಹುದು. ತಿರುವಿನ ಮೇಲೆ ತಿರುವು. ಪ್ರತಿ ತಿರುವಿನ ಮುಂದೆಯೂ ಬ್ರೇಕು, ಮರುಗಳಿಗೆಯಲ್ಲಿ ಮತ್ತೆ ವೇಗ. ಒಂದರ ಬಿಸಿ ಆರುವ ಮೊದಲೇ ಇನ್ನೊಂದರ ಬಿಸಿ ಸೇರಿ ಡಿಸ್ಕು ಆರೇಳು ನೂರು ಡಿಗ್ರಿ ಮುಟ್ಟಿ ಕೆಂಪಗೆ ಹೊಳೆಯುವುದೂ ಉಂಟು.

ಆಗ ಎರಡು ಅಪಾಯ. ಡಿಸ್ಕನ್ನು ಅಮುಕುವ ಪ್ಯಾಡುಗಳಲ್ಲಿನ ಅಂಟು ವಿಘಟನೆಗೊಂಡು ಅನಿಲ ಬಿಡುತ್ತದೆ, ಘರ್ಷಣೆ ಕುಸಿಯುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಧಾನಿಸುವುದಿಲ್ಲ. ಎರಡನೆಯದು ಇನ್ನೂ ಘೋರ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಕೊಳವೆಯಲ್ಲಿನ ಬ್ರೇಕ್ ಆಯಿಲ್. ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮವೇ ಇಲ್ಲಿ ದುಡಿಯುವುದು. ಆ ದ್ರವ ಕುದ್ದು ಆವಿಯಾದರೆ? ದ್ರವವನ್ನು ಹಿಂಡಲಾಗದು, ಆವಿಯನ್ನು ಹಿಂಡಬಹುದು. ಪೆಡಲು ನೆಲ ಮುಟ್ಟುತ್ತದೆ, ಬ್ರೇಕು ಹಿಡಿಯುವುದೇ ಇಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ‘ಡಾಟ್ 4’ ದರ್ಜೆಯ ಹೊಸ ಬ್ರೇಕ್ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂಬುದು ನಿಯಮ. ಆದರೆ ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ದ್ರವಕ್ಕೆ ಅದೇ ನಿಯಮ ಕೇಳುವ ಕುದಿಬಿಂದು ಬರೀ 155 ಡಿಗ್ರಿ. ಅಂದರೆ ಬ್ರೇಕ್ ಆಯಿಲ್ ಬದಲಾಯಿಸುವ ಪುಟ್ಟ ಖರ್ಚು 75 ಡಿಗ್ರಿಗಳಷ್ಟು ರಕ್ಷಣೆ ಕೊಡುತ್ತದೆ. ಲಕ್ಷಗಟ್ಟಲೆ ಕೊಟ್ಟು ಸೆರಾಮಿಕ್ ಡಿಸ್ಕು ಹಾಕಿಸಿ ಹಳೆಯ ಆಯಿಲನ್ನೇ ಬಿಟ್ಟವನದು, ಬೀರುವಿಗೆ ಬೀಗ ಹಾಕಿ ಮನೆಯ ಬಾಗಿಲನ್ನು ತೆರೆದಿಟ್ಟು ಹೋದವನ ಕತೆ.

ಹೀಗಾಗಿ ಖರ್ಚಿಗೂ ಒಂದು ಕ್ರಮವಿದೆ. ಮೊದಲು ಒಳ್ಳೆಯ ಟೈರು. ಆಮೇಲೆ ಹೊಸ ಬ್ರೇಕ್ ಆಯಿಲ್. ಪಥದಲ್ಲಿ ಓಡಿಸುವುದಾದರೆ ಹೆಚ್ಚು ಶಾಖ ತಡೆಯುವ ಪ್ಯಾಡು. ಆದರೆ ಅಂಥ ಕೆಲವು ಪ್ಯಾಡುಗಳು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ದಿನನಿತ್ಯದ ಓಡಾಟಕ್ಕೆ ಅವು ಸಲ್ಲವು. ನಂತರ ಡಿಸ್ಕಿನ ಮೇಲೆ ಗಾಳಿ ಬೀಸುವ ವ್ಯವಸ್ಥೆ. ಇಷ್ಟಾದ ಮೇಲೂ ಬಿಸಿ ತಡೆಯದಿದ್ದರೆ ಮಾತ್ರ ದೊಡ್ಡ ಡಿಸ್ಕಿನ ಯೋಚನೆ. ಅದನ್ನೂ ಮುಂದಿನ ಚಕ್ರಗಳಿಗೆ ಮಾತ್ರ ಹಾಕಿಸಿದರೆ ಕಾರು ತಯಾರಿಸಿದವರು ಅಳೆದು ತೂಗಿ ಇಟ್ಟ ಹಿಂದು-ಮುಂದಿನ ಹಂಚಿಕೆ ಕೆಡುತ್ತದೆ. ಆಗ ಹಿಂದಿನ ಟೈರುಗಳು ತಮ್ಮ ಪಾಲಿನ ಕೆಲಸ ಮಾಡದೆ, ಕಾರು ನಿಲ್ಲುವ ದೂರ ಹೆಚ್ಚಲೂಬಹುದು. 911ರಲ್ಲಂತೂ ಎಂಜಿನ್ ಇರುವುದೇ ಹಿಂದೆ. ಆ ಭಾರದಿಂದಾಗಿ ಹಿಂದಿನ ಟೈರುಗಳು ಬೇರೆ ಕಾರುಗಳಲ್ಲಿರುವುದಕ್ಕಿಂತ ಹೆಚ್ಚು ಪಾಲನ್ನು ಹೊರಬಲ್ಲವು.

ಪಥದಲ್ಲಿ ಓಡಿಸುವವರಿಗಾದರೂ ಸೆರಾಮಿಕ್ ಡಿಸ್ಕು ಕಣ್ಣುಮುಚ್ಚಿ ಕೊಳ್ಳುವ ವಸ್ತುವೆ? ಅಲ್ಲಿಯೂ ಲೆಕ್ಕ ಬೇಕು. ಅತಿ ಬಿಸಿಯಲ್ಲಿ ಅದು ಹಿಡಿತ ಬಿಡುವುದಿಲ್ಲ, ನಿಜ. ಆದರೆ ಮೇಲಿಂದ ಮೇಲೆ ಹಾಗೆ ಕಾಯ್ದರೆ ಅದರೊಳಗಿನ ಇಂಗಾಲದ ಎಳೆಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಸುಟ್ಟು ಹೋಗುತ್ತವೆ. ಕಣ್ಣಿಗೆ ಸವೆತ ಕಾಣದಿದ್ದರೂ ತೂಕ ಇಳಿಯುತ್ತದೆ. ಅದಕ್ಕೇ ಇಂಥ ಡಿಸ್ಕಿನ ಮೇಲೆ ಅದರ ಕನಿಷ್ಠ ತೂಕವನ್ನು ನಮೂದಿಸಿರುತ್ತಾರೆ. ತಕ್ಕಡಿಗೆ ಹಾಕಿ ನೋಡಿದಾಗ ಅದಕ್ಕಿಂತ ಕಡಿಮೆ ತೂಗಿದರೆ ಡಿಸ್ಕಿನ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಚಕ್ರ ಬಿಚ್ಚುವಾಗ ಕೈತಪ್ಪಿ ತಾಗಿದರೆ ಅಂಚು ಚಕ್ಕೆ ಏಳುವ ಭಯವೂ ಉಂಟು. ಹೊಸದಕ್ಕೆ ಮತ್ತೆ ಸಾವಿರಾರು ಡಾಲರ್. ಆದ್ದರಿಂದಲೇ ಪಥಕ್ಕೆ ಪದೇಪದೇ ಹೋಗುವ ಕೆಲವರು ಸೆರಾಮಿಕ್ ಡಿಸ್ಕನ್ನು ಬಿಚ್ಚಿ ಮನೆಯಲ್ಲಿಟ್ಟು, ಕಬ್ಬಿಣದ್ದನ್ನೇ ಹಾಕಿಸಿಕೊಳ್ಳುವುದುಂಟು. ರಸ್ತೆಯಲ್ಲಷ್ಟೇ ಓಡಿಸುವವನಿಗೆ ಅದರಿಂದ ಸಿಗುವುದು ಹಗುರವಾದ ಚಕ್ರ, ಕಪ್ಪು ಪುಡಿ ಮೆತ್ತದ ರಿಮ್ಮು, ದೀರ್ಘ ಬಾಳಿಕೆ. ಇವು ಬೇಕೆನಿಸಿ, ಹಣವೂ ಇದ್ದರೆ ಕೊಳ್ಳಲಿ. ಬೇಗ ನಿಲ್ಲುತ್ತದೆ ಎಂಬ ಭ್ರಮೆಯಿಂದ ಮಾತ್ರ ಬೇಡ.

ವಿದ್ಯಾರ್ಥಿಗಳು ಈ ತತ್ವವನ್ನು ಸೈಕಲ್ಲಿನಲ್ಲೇ ಕಂಡುಕೊಳ್ಳಬಹುದು. ಖಾಲಿ ಮೈದಾನದಲ್ಲಿ, ದೊಡ್ಡವರು ಜೊತೆಗಿರುವಾಗ, ನಿಧಾನವಾಗಿ ಹೋಗುತ್ತಾ ಹಿಂದಿನ ಬ್ರೇಕನ್ನು ಮಾತ್ರ ಹಿಡಿಯಬೇಕು. ಮೊದಲು ಗಟ್ಟಿ ನೆಲದ ಮೇಲೆ, ಆಮೇಲೆ ಅದೇ ವೇಗದಲ್ಲಿ ತೆಳ್ಳಗೆ ಮರಳು ಹರಡಿದ ನೆಲದ ಮೇಲೆ. ಎರಡು ಸಲವೂ ಸೈಕಲ್ಲು ನಿಂತ ದೂರವನ್ನು ಹೆಜ್ಜೆ ಹಾಕಿ ಅಳೆಯಲಿ. ಬ್ರೇಕು ಅದೇ, ಹಿಡಿದ ಕೈಯೂ ಅದೇ, ಆದರೂ ಮರಳಿನ ಮೇಲೆ ಚಕ್ರ ಜಾರಿ ದೂರ ಹೆಚ್ಚಾಗಿರುತ್ತದೆ.

ತಂದೆ ತಾಯಂದಿರಿಗೂ ಇಲ್ಲೊಂದು ಕೆಲಸವಿದೆ. ಈ ಲೆಕ್ಕಕ್ಕೆ 911 ಕಾರೇ ಬೇಕೆಂದಿಲ್ಲ, ಮನೆಯ ಮುಂದೆ ನಿಂತಿರುವ ಕಾರಿಗೂ ಅದೇ ಲೆಕ್ಕ. ಮಳೆಗಾಲಕ್ಕೆ ಮುಂಚೆ ಮಕ್ಕಳನ್ನು ಜೊತೆಗೆ ಕರೆದುಕೊಂಡು ಟೈರಿನ ಗೀರುಗಳ ಆಳ ಎಷ್ಟು ಉಳಿದಿದೆ, ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ವರ್ಷವಾಯಿತು ಎಂದು ನೋಡಲಿ. 39 ಮೀಟರಿಗೂ 79 ಮೀಟರಿಗೂ ನಡುವಿನ ಆ 40 ಮೀಟರಿನಲ್ಲಿ ಯಾರಾದರೂ ರಸ್ತೆ ದಾಟುತ್ತಿರಬಹುದು.