ಪಗಾರದ ಆಜ್ಞೆ ಮೇಲಿನದು, ಹೊರೆ ಕೆಳಗಿನದು

ಹಿಪ್ಪರಗಿಯ ನಮಗೆ ಪೇಟೆ ಎಂದರೆ ಜಮಖಂಡಿ, ಇಲ್ಲವೇ ರಬಕವಿ-ಬನಹಟ್ಟಿ. ಸಂತೆಯ ಮರುದಿನ ನಸುಕಿನಲ್ಲಿ ಪೇಟೆಗೆ ಹೋದವರಿಗೆ ಒಂದು ದೃಶ್ಯ ಪರಿಚಿತ. ಮಗ್ಗಗಳ ಸದ್ದು ಏಳುವ ಮುನ್ನವೇ ಪೌರಕಾರ್ಮಿಕರು ಕೊಳೆತ ಕಾಯಿಪಲ್ಲೆಯ ರಾಶಿ ಗುಡಿಸಿ ಗಾಡಿಗೆ ತುಂಬುತ್ತಿರುತ್ತಾರೆ. ನಮ್ಮ ರಾಜ್ಯದ ಯಾವ ಊರಿಗೆ ಹೋದರೂ ಬೀದಿ ಒಂದೇ, ಕಸ ಒಂದೇ. ಪಗಾರ ಮಾತ್ರ ಒಂದಲ್ಲ. ಕಾಯಂ ಆದವರಿಗೆ ಒಂದು, ನೇರಪಾವತಿಯವರಿಗೆ ಇನ್ನೊಂದು, ಹೊರಗುತ್ತಿಗೆಯವರಿಗೆ ಮತ್ತೊಂದು. ಯಾಕೆಂದು ಕೇಳಿದರೆ ಸಿಗುವ ಉತ್ತರ: ‘ರೊಕ್ಕ ಇಲ್ಲ’.

ರೊಕ್ಕ ಯಾಕಿಲ್ಲ? ನಾವು ಕೃಷ್ಣೆಗೆ ಬ್ಯಾರೇಜು ಕಟ್ಟಿದ ಊರಿನವರು. ಮೇಲೆ ಗೇಟು ಇಳಿಸಿದರೆ ಕೆಳಗೆ ಹೊಳೆ ಬತ್ತುತ್ತದೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಪುರಸಭೆಗಳ ಹಣಕಾಸಿನ ಕತೆಯೂ ಅದೇ. ಒಂದು ಕಾಲಕ್ಕೆ ಊರಿನ ನಾಕಾಗಳಲ್ಲಿ ವಸೂಲಾಗುತ್ತಿದ್ದ ಆಕ್ಟ್ರಾಯ್ ಅವುಗಳ ದೊಡ್ಡ ಆದಾಯವಾಗಿತ್ತು. 1979ರಲ್ಲಿ ರಾಜ್ಯ ಅದನ್ನು ರದ್ದುಮಾಡಿತು. ನಾಕಾದ ಕಿರುಕುಳ ತಪ್ಪಿದ್ದು ಒಳ್ಳೆಯದೇ. ಆದರೆ ಅಂದಿನಿಂದ ಊರು ತಾನು ಗಳಿಸುವ ಬದಲು ಕೈಯೊಡ್ಡಿ ಅನುದಾನ ಕಾಯುವಂತಾಯಿತು. 1964ರ ಪುರಸಭೆಗಳ ಕಾಯ್ದೆಯಡಿ ಯಾವ ಕರ, ಎಷ್ಟು ಮಿತಿ, ಎಷ್ಟು ಹುದ್ದೆ ಎಂಬುದೆಲ್ಲ ಸರಕಾರದ ಹಿಡಿತದಲ್ಲಿದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ನಗರಗಳ ಪಾಲಿಗೆ 18 ವಿಷಯಗಳನ್ನು ಪಟ್ಟಿಮಾಡಿತು. ಕೆಲಸದ ಪಟ್ಟಿ ಬಂತು, ಹಣದ ಚೀಲ ಬರಲಿಲ್ಲ.

ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನಕ್ಕೊಂದು ಭಾಗ, ವಿದ್ಯುತ್ ಬಿಲ್ಲಿಗೊಂದು ಭಾಗ, ಉಳಿದದ್ದು ಮುಕ್ತನಿಧಿ. ವೇತನದ ಭಾಗ ಮಂಜೂರಾದ ಹುದ್ದೆಯವರಿಗೆ. 700 ಜನಕ್ಕೊಬ್ಬ ಪೌರಕಾರ್ಮಿಕ ಎಂಬ ಲೆಕ್ಕಕ್ಕೆ ಹೊರಗುಳಿದವರ ಕೂಲಿ ಚರಂಡಿ, ಬೀದಿದೀಪಗಳಿಗೆ ಇಟ್ಟ ಹಣದಿಂದಲೇ ಹೊರಡಬೇಕು. ಊರಿಗೆ ಕಂಬದ ದೀಪ ಬೇಕೋ, ಗುಡಿಸುವವಳ ಮನೆಯ ಒಲೆ ಉರಿಯಬೇಕೋ? ಇಂಥ ಪ್ರಶ್ನೆಯನ್ನು ಊರಿನ ಮುಂದೆ ತಂದಿಟ್ಟವರು ಯಾರು?

2022ರ ಜುಲೈ ಮುಷ್ಕರದ ನಂತರ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ಅದು ಹೋರಾಡಿ ಪಡೆದದ್ದು. ಆದರೆ ಕಸದ ಗಾಡಿಯ ಚಾಲಕರು, ಲೋಡರುಗಳು, ನೀರು ಬಿಡುವವರು 2025ರಲ್ಲೂ ನೇರಪಾವತಿಗಾಗಿ ಬೀದಿಗಿಳಿಯಬೇಕಾಯಿತು. ಏಳನೇ ವೇತನ ಆಯೋಗದ ಪಗಾರ ರಾಜ್ಯ ನೌಕರರಿಗೆ 2024ರ ಆಗಸ್ಟ್ 1ರಿಂದ ಬಂತು. ಮಹಾನಗರ ಪಾಲಿಕೆಗಳ ನೌಕರರು ಅದನ್ನು ಸರಕಾರದ ಹಣದಿಂದಲೇ ಕೊಡಿರೆಂದು 2025ರ ಜುಲೈಯಲ್ಲಿ ಕೆಲಸ ನಿಲ್ಲಿಸಿದರು. ಅವರ ಬೇಡಿಕೆ ನ್ಯಾಯವಾದದ್ದೇ. ಆಜ್ಞೆ ಕೊಟ್ಟವರು ಜೇಬು ತೋರಿಸದಿದ್ದರೆ ಆ ಆಜ್ಞೆಗೆ ಬೆಲೆಯೇನು?

‘ಊರವರು ಕರ ಕಟ್ಟಲಿ’ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಮೂರಂತಸ್ತು ಕಟ್ಟಿ ಹಳೆಯ ಹಂಚಿನ ಮನೆಯ ಕರ ಕೊಡುವವರು ನಮ್ಮ ಮೊಹಲ್ಲಾದಲ್ಲೂ ಇದ್ದಾರೆ. ಕೂಲಿಯವನ ಹಕ್ಕಿನ ಬಗ್ಗೆ ಶುಕ್ರವಾರ ಖುತ್ಬಾ ಕೇಳಿ ತಲೆದೂಗುವ ನಾವು ಶನಿವಾರ ಆ ಕರದ ಚೀಟಿಯನ್ನು ಮಡಚಿಡುತ್ತೇವೆ. ನಾಚಿಕೆಗೇಡು. ಆದರೆ ನೇಕಾರರ ಊರಿನ ಕರ ಬೆಂಗಳೂರಿನ ಕರವಾಗದು. ಪಗಾರ ರಾಜ್ಯಕ್ಕೆಲ್ಲ ಒಂದೇ ಆಗಬೇಕಾದರೆ ಅದರ ಹೊಣೆಯೂ ರಾಜ್ಯದ್ದೇ ಆಗಬೇಕು.

ಆದ್ದರಿಂದ ನಮ್ಮ ಒತ್ತಾಯ ಇಷ್ಟೆ. ಪಗಾರ ಹೆಚ್ಚಿಸುವ ಪ್ರತಿ ಆದೇಶದಲ್ಲೂ ಹಣ ಎಲ್ಲಿಂದ ಎಂಬ ಸಾಲು ಇರಲಿ. ವೇತನದ ಅನುದಾನ ಕಾಯಂ ಆದವರ ಪಟ್ಟಿಗೆ ನಿಲ್ಲದೆ ಬೀದಿಯಲ್ಲಿ ದುಡಿಯುವ ಎಲ್ಲರನ್ನೂ ಮುಟ್ಟಲಿ. ಹೊರಗುತ್ತಿಗೆ ಕೊನೆಯಾಗಲಿ. ಅಲ್ಲಿಯವರೆಗೆ ‘ರೊಕ್ಕ ಇಲ್ಲ’ ಎನ್ನುವವರಿಗೆ ನಾವು ಕೇಳುವುದೊಂದೇ: ಸಂತೆಯ ಕಸ ಒಂದು ದಿನವಾದರೂ ನಿಮ್ಮ ಅನುದಾನಕ್ಕಾಗಿ ಕಾದಿದೆಯೇ?