ಕೀರ್ತಿಯ ಅವಸರ

ಅಮೇರಿಕೆಯ ವಾಯೋಮಿಂಗ್ ಸಂಸ್ಥಾನದ ಶಾಯೆನ್ ಪಟ್ಟಣದಲ್ಲಿ ಸನ್ 1996ನೇ ಇಸವಿ ಎಪ್ರಿಲ್ 11ನೇ ತಾರೀಖಿನ ಮುಂಜಾನೆ ಒಂದು ಚಿಕ್ಕ ವಿಮಾನವು ನೆಲಕ್ಕೆ ಬಿದ್ದು ಮೂವರು ಮೃತರಾದರು. ಏಳು ವರ್ಷದ ಬಾಲಿಕೆ ಜೆಸಿಕಾ ಡುಬ್ರಾಫ್, ಅವಳ ತಂದೆ, ಹಾರಾಟವನ್ನು ಕಲಿಸುತ್ತಿದ್ದ ಶಿಕ್ಷಕ, ಇವರೇ ಆ ಮೂವರು. ಬಾಲಿಕೆಯ ಕೈಯಿಂದ ವಿಮಾನವನ್ನು ನಡೆಯಿಸುತ್ತ ಪಶ್ಚಿಮ ಕಡಲತೀರದಿಂದ ಪೂರ್ವ ಕಡಲತೀರಕ್ಕೆ ಹೋಗಿ ಎಂಟು ದಿವಸಗಳಲ್ಲಿ ಮರಳಿ ಬರಬೇಕೆಂಬ ಸಂಕಲ್ಪವು ಎರಡನೆಯ ದಿನವೇ ಮಣ್ಣುಗೂಡಿತು.

ಮಗುವಿನ ತಪ್ಪಿನಿಂದ ವಿಮಾನ ಬಿದ್ದಿತೆಂದು ನಂಬುವವರುಂಟು. ಅದು ಅನ್ಯಾಯದ ಮಾತು. ಆಗ ಶಿಕ್ಷಕನೇ ವಿಮಾನವನ್ನು ನಡೆಯಿಸುತ್ತಿದ್ದನೆಂದು ಸರಕಾರಿ ವಿಚಾರಣೆಯಲ್ಲಿ ಕಂಡುಬಂದಿತು. ಗುಡುಗು, ಮಳೆ, ಬಿರುಸಾದ ಗಾಳಿ; ಇಂಥ ಹೊತ್ತಿನಲ್ಲಿ ಹೊರಟ ವಿಮಾನದ ಭಾರವು ಮಿತಿಗಿಂತ 96 ಪೌಂಡು ಹೆಚ್ಚಾಗಿದ್ದಿತು. ಶಾಯೆನ್ನಿನ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ 6,000 ಅಡಿಗೂ ಮೇಲಿದೆ. ಅಲ್ಲಿಯ ವಾಯುವು ತೆಳುವು. ಏರಿ ತಿರುಗುತ್ತಿದ್ದಂತೆಯೇ ವೇಗವು ಕುಂದಿ ರೆಕ್ಕೆಗಳು ಹಿಡಿತವನ್ನು ಕಳೆದುಕೊಂಡವು.

ಇದನ್ನು ವೈಮಾನಿಕರು ಸ್ಟಾಲ್ ಎನ್ನುವರು. ಯಂತ್ರ ನಿಂತುಹೋಯಿತೆಂದು ಇದರ ಅರ್ಥವಲ್ಲ. ಯಂತ್ರವು ಪೂರ್ಣ ಬಲದಿಂದ ಗರ್ಜಿಸುತ್ತಿರುವಾಗಲೂ ಇದು ಸಂಭವಿಸಬಹುದು. ವೇಗ ಕಡಿಮೆಯಾದಂತೆ ವಿಮಾನವನ್ನು ಎತ್ತಿಹಿಡಿಯಲು ಮೂತಿಯನ್ನು ಮೇಲಕ್ಕೆತ್ತಬೇಕಾಗುವದು. ಗಾಳಿಗೂ ರೆಕ್ಕೆಗೂ ನಡುವಣ ಕೋನವು ಸುಮಾರು 15 ಅಂಶಗಳನ್ನು ದಾಟಿತೆಂದರೆ, ರೆಕ್ಕೆಯ ಬೆನ್ನಿನ ಮೇಲೆ ಅಂಟಿ ಹರಿಯುತ್ತಿದ್ದ ಗಾಳಿಯು ಸಿಡಿದು ಚದರಿಹೋಗುವದು. ತಿರುವಿನಲ್ಲಂತೂ ಅಪಾಯವು ಹೆಚ್ಚು: ಮಟ್ಟವನ್ನು ಕಾಯ್ದುಕೊಂಡು 60 ಅಂಶ ವಾಲಿ ತಿರುಗುವ ವಿಮಾನಕ್ಕೆ, ನೇರವಾಗಿ ಹಾರುವಾಗ ಸಾಲುವ ಕನಿಷ್ಠ ವೇಗಕ್ಕಿಂತ ನೂರಕ್ಕೆ 41ರಷ್ಟು ಅಧಿಕ ವೇಗವು ಬೇಕು. ಉಳಿಯುವ ಉಪಾಯ ಒಂದೇ, ಮೂತಿಯನ್ನು ಕೆಳಗಿಳಿಸುವದು. ಆದರೆ ನೆಲವು ಕಣ್ಣೆದುರಿಗೆ ಏರಿ ಬರುತ್ತಿರುವಾಗ ಮನುಷ್ಯನ ಕೈಯು ಸ್ವಭಾವತಃ ಮೇಲಕ್ಕೇ ಎಳೆಯುತ್ತದೆ! ಎತ್ತರವಿದ್ದವನು ತಿದ್ದಿಕೊಂಡಾನು, ನಾಲ್ಕುನೂರು ಅಡಿಯಲ್ಲಿರುವವನಿಗೆ ತಿದ್ದಿಕೊಳ್ಳಲು ಅವಕಾಶವೆಲ್ಲಿ? ಜರ್ಮನಿಯ ಲಿಲಿಯೆಂಥಾಲನು 1896ನೇ ಇಸವಿ ಆಗಸ್ಟ್ 9ರಂದು ಬಿದ್ದು ಮರುದಿನ ಪ್ರಾಣಬಿಟ್ಟದ್ದೂ ಇದೇ ಕಾರಣದಿಂದ. ನೂರು ವರ್ಷಗಳಲ್ಲಿ ಯಂತ್ರವು ಸುಧಾರಿಸಿತು, ವಾಯುವಿನ ನಿಯಮವು ಬದಲಾಗಲಿಲ್ಲ. ನಮ್ಮ ಬೆಂಗಳೂರು ಸಹ ಸುಮಾರು 3,000 ಅಡಿಯ ಮೇಲಿದೆಯೆಂಬದನ್ನು ಜಕ್ಕೂರಿನಲ್ಲಿ ಹಾರಲು ಕಲಿಯುವ ತರುಣರು ಮರೆಯಲಾಗದು. ಈ ಶಾಸ್ತ್ರವನ್ನು ಅವರಿಗೆ ತಾಯ್ನುಡಿಯಲ್ಲಿ ತಿಳಿಯಹೇಳಬಾರದೆಂದು ಯಾವ ವಿಧಿಯೂ ಇಲ್ಲ. ನಾಡು 1956ರಲ್ಲಿ ಒಂದಾದರೂ ಆ ಕೆಲಸವು ಇನ್ನೂ ಉಳಿದಿದೆ.

ಇಷ್ಟಾದರೂ ಮೂಲಕಾರಣವು ರೆಕ್ಕೆಯಲ್ಲಿರಲಿಲ್ಲ. ಶಿಕ್ಷಕನು ಅನುಭವಿಯಾಗಿದ್ದನು, ಒಂದೆರಡು ತಾಸು ಕಾಯ್ದಿದ್ದರೆ ಆಗುವ ನಷ್ಟವಾದರೂ ಏನು? ಮುಂದಿನ ಊರುಗಳಲ್ಲಿ ವರದಿಗಾರರು ಕಾದಿದ್ದರು, ಹಾದಿಯ ವೇಳೆಯೆಲ್ಲವೂ ಮುಂಗಡವಾಗಿ ಗೊತ್ತಾಗಿದ್ದಿತು. ಅತಿಯಾದ ಆಕಾಂಕ್ಷೆಯ ಈ ವೇಳಾಪಟ್ಟಿಗೆ ಅಂಟಿಕೊಳ್ಳಬೇಕೆಂಬ ಹಂಬಲವು, ಪತ್ರಿಕೆ ಮತ್ತು ದೂರದರ್ಶನದವರಿಗೆ ಕೊಟ್ಟ ಮಾತುಗಳ ಒತ್ತಡವು, ಅಂದಿನ ನಿರ್ಣಯಕ್ಕೆ ಸಹಾಯಕವಾಯಿತೆಂದು ವಿಚಾರಣಾ ಮಂಡಲಿಯೇ ಬರೆದಿದೆ. ನಾವು ಪತ್ರಿಕಾವೃತ್ತಿಯವರು ತಲೆತಗ್ಗಿಸಿ ಓದಬೇಕಾದ ವಾಕ್ಯವಿದು. ಗಾಳಿಮಳೆಗೆ ಅಂಜದ ಪುಟ್ಟ ವೀರಳ ಚಿತ್ರವನ್ನು ಮೊದಲ ಪುಟದಲ್ಲಿ ಅಚ್ಚುಹಾಕಲು ಸಿದ್ಧರಾಗಿದ್ದವರೇ ಮರುದಿನ ತಂದೆಯನ್ನು ಹಳಿಯಲು ಮುಂದಾದರು.

ಇನ್ನೂ ದುಃಖದ ಸಂಗತಿಯೊಂದಿದೆ. ಬಾಲ ವೈಮಾನಿಕರ ದಾಖಲೆಗಳನ್ನು ಗಿನ್ನೆಸ್ ಗ್ರಂಥದವರು ಅಪಾಯದ ಭೀತಿಯಿಂದ ಅದಕ್ಕೂ ಮೊದಲೇ ಕೈಬಿಟ್ಟಿದ್ದರು. ಅಂದರೆ ಯಾವ ಗ್ರಂಥದಲ್ಲಿಯೂ ಸೇರಲಾರದ ದಾಖಲೆಗಾಗಿ ಮೂರು ಜೀವಗಳು ಹೋದವು. ಪರವಾನಗಿಯಿಲ್ಲದವರ ಕೈಗೆ ದಾಖಲೆಯ ಆಸೆಯಿಂದ ವಿಮಾನವನ್ನು ಕೊಡಕೂಡದೆಂದು ಅಮೇರಿಕೆಯ ಶಾಸನಸಭೆಯು ಅದೇ ವರ್ಷದ ಅಕ್ಟೋಬರದಲ್ಲಿ ಕಾಯದೆಯನ್ನು ಮಾಡಿತು. ವೇಳಾಪಟ್ಟಿಯನ್ನು ಮೆಚ್ಚಿ ಬರೆದ ಲೇಖನಿಗಳಿಗೆ ಅನ್ವಯಿಸುವ ಕಾಯದೆಯನ್ನು ಯಾವ ಸಭೆಯೂ ಮಾಡಲಾರದು. ಅದನ್ನು ನಾವೇ ನಮಗೆ ವಿಧಿಸಿಕೊಳ್ಳಬೇಕಾಗಿದೆ.