26 ಪಾಯಿಂಟ್, ಮೂರೇ ಟ್ರಿಕ್: ಡಬಲ್ ಪಂಥಕ್ಕೆ ಪ್ರತ್ಯುತ್ತರ

ಬ್ರಿಜ್ ಆಡುವವರಲ್ಲಿ ಒಂದು ಪಂಥವಿದೆ. ಅದಕ್ಕೆ ಸೇರಲು ಶುಲ್ಕವಿಲ್ಲ. ದಂಡವನ್ನು ಮಾತ್ರ ಜೊತೆಗಾರನೂ ಕಟ್ಟಬೇಕು. ಪಂಥದ ಸಿದ್ಧಾಂತ ಸರಳ: ಪೈಪೋಟಿಯ ಬಿಡ್ಡಿಂಗ್‌ನಲ್ಲಿ ಎದುರಾಳಿಗಳು ನಾಲ್ಕು, ಐದರ ಮಟ್ಟಕ್ಕೆ ಏರಿದರು, ಹೆಚ್ಚು ಪಾಯಿಂಟ್ ನಮ್ಮ ಕೈಯಲ್ಲಿವೆ, ಹಾಗಾದರೆ ಡಬಲ್ ಅನ್ನು. ಅನ್ನದವನು ಪುಕ್ಕಲ. ಮೇಲಿನ ಮಟ್ಟದ ಡಬಲ್ ಅನ್ನು ಎಣಿಸಬಹುದಾದ ಟ್ರಿಕ್‌ಗಳ ಮೇಲೆ ಅನ್ನಬೇಕೇ ಹೊರತು ಪಾಯಿಂಟ್ ಮೇಲೂ ಸಿಟ್ಟಿನ ಮೇಲೂ ಅಲ್ಲ ಎಂಬುದು ನನ್ನ ವಾದ. ಅದಕ್ಕೆ ಅವರು ಕೊಡುವ ಉತ್ತರಗಳನ್ನು ಒಂದೊಂದಾಗಿ ಓದುಗರ ಮುಂದಿಡುತ್ತೇನೆ. ತೀರ್ಪು ನಿಮ್ಮದು.

ಅವರ ಮೊದಲ ವಾದವೇ ಅವರ ಬೆನ್ನೆಲುಬು: "ಪಾಯಿಂಟ್ ನಮ್ಮವು, ಆದ್ದರಿಂದ ಕಾಂಟ್ರ್ಯಾಕ್ಟ್ ಬೀಳಲೇಬೇಕು." ಈ ವಾದವನ್ನು ಎಲೆಗಳ ಮೇಲೇ ಪರೀಕ್ಷಿಸೋಣ. ಎರಡೂ ಕಡೆ ವಲ್ನರಬಲ್. ನಿಮ್ಮ ಕೈಯಲ್ಲಿ ಸ್ಪೇಡ್ 6 ಒಂದೇ. ಹಾರ್ಟ್‌ನಲ್ಲಿ ಎಕ್ಕ, ರಾಜ, 9, 6, 3. ಡೈಮಂಡ್‌ನಲ್ಲಿ ರಾಜ, ರಾಣಿ, 4. ಕ್ಲಬ್‌ನಲ್ಲಿ ರಾಣಿ, ಗುಲಾಮ, 7, 2. ನೀವು ಒಂದು ಹಾರ್ಟ್ ತೆರೆದಿರಿ. ಎಡಗಡೆಯವನು ಒಂದು ಸ್ಪೇಡ್ ಎಂದ. ಜೊತೆಗಾರ ಎರಡು ಸ್ಪೇಡ್ ಎಂದು, ಹಾರ್ಟ್‌ಗೆ ಬೆಂಬಲವೂ ಗೇಮ್‌ಗೆ ಸಾಕಾಗುವ ಬಲವೂ ಇದೆಯೆಂದು ತಿಳಿಸಿದ. ಬಲಗಡೆಯವನು ನೇರ ನಾಲ್ಕು ಸ್ಪೇಡ್‌ಗೆ ಹಾರಿದ. ನಿಮ್ಮಲ್ಲಿ 15 ಪಾಯಿಂಟ್. ಪಂಥದವರ ಕೈ ಆಗಲೇ ಕೆಂಪು ಡಬಲ್ ಕಾರ್ಡಿನ ಮೇಲಿದೆ.

ಜೊತೆಗಾರನ ಕೈಯೂ ಬಡ ಕೈಯಲ್ಲ. ಸ್ಪೇಡ್ 8, 2. ಹಾರ್ಟ್ ರಾಣಿ, ಗುಲಾಮ, 10, 7, 4. ಡೈಮಂಡ್ ಎಕ್ಕ, ಗುಲಾಮ, 5. ಕ್ಲಬ್ ರಾಜ, 9, 8. ಅಲ್ಲಿ 11. ಒಟ್ಟು 26 ಪಾಯಿಂಟ್ ನಿಮ್ಮದು, ಎದುರಾಳಿಗಳದ್ದು 14. ಇನ್ನು ಅವರ ಎಲೆ ನೋಡಿ. ಡಿಕ್ಲೇರರ್ ಹತ್ತಿರ ಎಕ್ಕ, ರಾಜ, ಗುಲಾಮ ಸೇರಿ ಆರು ಸ್ಪೇಡ್, ಒಂಟಿ ಹಾರ್ಟ್, ಒಂಟಿ ಡೈಮಂಡ್, ಎಕ್ಕ ಮತ್ತು 10 ಇರುವ ಐದು ಕ್ಲಬ್. ಡಮ್ಮಿಯಲ್ಲಿ ರಾಣಿ ಇರುವ ನಾಲ್ಕು ಸ್ಪೇಡ್, ಎರಡು ಸಣ್ಣ ಹಾರ್ಟ್, ಆರು ಡೈಮಂಡ್, ಒಂಟಿ ಕ್ಲಬ್. ಜೊತೆಗಾರ ಜಾಣನಾಗಿ ತುರುಪನ್ನೇ ಇಳಿಸಲಿ, ಮತ್ತೆ ಕೈ ಸಿಕ್ಕಾಗ ಇನ್ನೊಮ್ಮೆ ತುರುಪು ಹೊಡೆಯಲಿ. ಆದರೂ ಡಮ್ಮಿಯಲ್ಲಿ ಎರಡು ಕ್ಲಬ್ ತುರುಪಾಗುತ್ತವೆ, ನಿಮಗೊಂದು ಕ್ಲಬ್ ಬಿಟ್ಟುಕೊಟ್ಟ ಮೇಲೆ ಅವನ ಐದನೇ ಕ್ಲಬ್ ಗೆಲ್ಲುತ್ತದೆ. ಹತ್ತು ಟ್ರಿಕ್ ಆಯಿತು. ತುರುಪು ಇಳಿಸದೆ ಹೋದರೆ ಹನ್ನೊಂದು.

ನಿಮ್ಮ 26 ಪಾಯಿಂಟ್ ಗಳಿಸಿದ್ದು ಮೂರು ಟ್ರಿಕ್. ಹಾರ್ಟ್‌ನ ಹತ್ತಕ್ಕೆ ಹತ್ತೂ ಪಾಯಿಂಟ್ ನಿಮ್ಮ ಕಡೆ, ಗೆದ್ದದ್ದು ಒಂದು. ಡೈಮಂಡ್‌ನ ಹತ್ತೂ ನಿಮ್ಮ ಕಡೆ, ಗೆದ್ದದ್ದು ಒಂದು. ಕ್ಲಬ್‌ನ ಆರು ಪಾಯಿಂಟ್ ಕೊಟ್ಟದ್ದು ಒಂದು. ನಿಮ್ಮಿಬ್ಬರ ನಡುವೆ ಹತ್ತು ಹಾರ್ಟ್ ಇವೆಯೆಂದರೆ ಎದುರಾಳಿಗಳಲ್ಲಿ ಇರುವುದು ಮೂರೇ. ಎಕ್ಕ ನಡೆದರೆ ರಾಜ ತುರುಪಿಗೆ ಬಲಿ ಎಂದು ಊಹಿಸಲು ಜ್ಯೋತಿಷ್ಯ ಬೇಡ. ಎಕ್ಕಕ್ಕೆ 4, ರಾಜನಿಗೆ 3 ಎಂಬ ಲೆಕ್ಕವನ್ನು ಮಿಲ್ಟನ್ ವರ್ಕ್ ಪ್ರಚಾರಕ್ಕೆ ತಂದದ್ದು. ತುರುಪಿಲ್ಲದ, ಸಮನಾಗಿ ಹಂಚಿದ ಕೈಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಎದುರಾಳಿಗಳ ಬಳಿ ಹತ್ತು ತುರುಪು, ಮೂರು ಒಂಟಿ ಎಲೆ ಇರುವ ಕಡೆ ಅದೇ ತಕ್ಕಡಿಯಲ್ಲಿ ತೂಗುವುದು ಪಂಥದವರ ಆವಿಷ್ಕಾರ. ಇಯಾನ್ ಫ್ಲೆಮಿಂಗ್ 1955ರ 'ಮೂನ್‌ರೇಕರ್' ಕಾದಂಬರಿಯಲ್ಲಿ ಇದನ್ನು ಅತಿರೇಕಕ್ಕೆ ಒಯ್ದಿದ್ದಾನೆ: ಖಳನಾಯಕ ಡ್ರ್ಯಾಕ್ಸ್ 31 ಪಾಯಿಂಟ್ ಹಿಡಿದು ಏಳು ಕ್ಲಬ್‌ಗೆ ಡಬಲ್ ಅನ್ನುತ್ತಾನೆ, 8 ಪಾಯಿಂಟಿನ ಬಾಂಡ್ ರಿಡಬಲ್ ಮಾಡಿ ಹದಿಮೂರೂ ಟ್ರಿಕ್ ಎತ್ತುತ್ತಾನೆ. ಬಾಂಡ್ ಎಲೆಗಳನ್ನು ಮೊದಲೇ ಜೋಡಿಸಿಟ್ಟಿದ್ದ ನಿಜ. ಆದರೆ ಡ್ರ್ಯಾಕ್ಸ್ ಬಲೆಗೆ ಬಿದ್ದದ್ದು ಪಾಯಿಂಟ್ ಎಣಿಸಿ.

ಎರಡನೆಯ ವಾದ: "ಡಬಲ್ ತಪ್ಪಾದರೆ ಹೋಗುವುದೇನು? ಹೇಗಿದ್ದರೂ ಗೇಮ್ ಕೊಟ್ಟೇ ಇದ್ದೆವು." ಟೀಮ್ ಆಟದ ಲೆಕ್ಕವನ್ನೇ ಹಾಕೋಣ, ಇನ್ನೊಂದು ಮೇಜಿನಲ್ಲೂ ಅದೇ ನಾಲ್ಕು ಸ್ಪೇಡ್, ಡಬಲ್ ಇಲ್ಲದೆ. ವಲ್ನರಬಲ್ ಇದ್ದಾಗ ಒಂದು ಟ್ರಿಕ್ ಬಿದ್ದರೆ 100ರ ಬದಲು 200 ಸಿಗುತ್ತದೆ. ಲಾಭ 100 ಅಂಕ, ಅಂದರೆ 3 ಐಎಂಪಿ. ಗೆದ್ದರೆ 620ರ ಬದಲು 790 ಕೊಡುತ್ತೀರಿ. ನಷ್ಟ 170, ಅಂದರೆ 5 ಐಎಂಪಿ. ಎಂಟು ಸಲ ಡಬಲ್ ಅಂದರೆ ಐದು ಸಲ ಸರಿಯಾದಾಗ ಬರೀ ಅಸಲು ಹುಟ್ಟುತ್ತದೆ. ವಲ್ನರಬಲ್ ಅಲ್ಲದಿದ್ದರೆ ಇನ್ನೂ ಕಷ್ಟ: ಲಾಭ 2, ನಷ್ಟ 5, ಏಳರಲ್ಲಿ ಐದು ಸರಿಯಾಗಬೇಕು. ಒಂದು ಟ್ರಿಕ್ ಹೆಚ್ಚಿಗೆ ಬಂದರೆ 650 ಇದ್ದದ್ದು 990 ಆಗಿ 8 ಐಎಂಪಿ ಹೋಗುತ್ತದೆ. ಎದುರಾಳಿ ರಿಡಬಲ್ ಅಂದು ಗೆದ್ದರೆ 1080; ಅದು 10. ಎರಡು ಟ್ರಿಕ್ ಬಿದ್ದರೆ 7 ಐಎಂಪಿ ಸಿಗುತ್ತದೆ ಎಂದು ಅವರು ನೆನಪಿಸುತ್ತಾರೆ. ಸಿಗಲಿ. ಎರಡು ಟ್ರಿಕ್ ಬೀಳುವುದು ನಿಮ್ಮ ಎಲೆಗಳಿಂದಲೇ ಕಾಣುತ್ತಿದ್ದರೆ ನಾನು ಎಲ್ಲಿ ಬೇಡ ಅಂದೆ?

ಈ ಲೆಕ್ಕದಲ್ಲಿ ಸೇರದ ಇನ್ನೊಂದು ಖರ್ಚಿದೆ, ಅದನ್ನು ಪಂಥದವರು ಎಂದೂ ಪುಸ್ತಕಕ್ಕೆ ಹತ್ತಿಸುವುದಿಲ್ಲ. ನಿಮ್ಮ ಕೈಯಲ್ಲಿ ರಾಣಿ, ಗುಲಾಮ ಸೇರಿ ನಾಲ್ಕು ತುರುಪು ಇವೆ ಎನ್ನಿ. ಪಾಸ್ ಅಂದರೆ ಡಿಕ್ಲೇರರ್ ತುರುಪು ಸಮನಾಗಿ ಹಂಚಿದೆಯೆಂದು ನಂಬಿ ಎಕ್ಕ, ರಾಜ ಹೊಡೆದು ತಾನಾಗಿ ಹಳ್ಳಕ್ಕೆ ಬೀಳುತ್ತಾನೆ. ಡಬಲ್ ಅಂದ ಮರುಕ್ಷಣ ಅವನಿಗೆ ನಿಮ್ಮ ನಾಲ್ಕೂ ತುರುಪು ಕಾಣುತ್ತವೆ. ಅವನು ಬೇರೆ ದಾರಿ ಹಿಡಿದು ಆಡುತ್ತಾನೆ, ಇಲ್ಲವೇ ಬೇರೆ ಬಣ್ಣಕ್ಕೆ ಓಡುತ್ತಾನೆ. ಬೀಳುತ್ತಿದ್ದ ಕಾಂಟ್ರ್ಯಾಕ್ಟನ್ನು ಎತ್ತಿ ನಿಲ್ಲಿಸಿದ ಪುಣ್ಯ ನಿಮ್ಮದು.

ಮೂರನೆಯದು ಅವರ ಮಂತ್ರ: "ನೀವು ಡಬಲ್ ಅಂದ ಕಾಂಟ್ರ್ಯಾಕ್ಟ್ ಒಂದೂ ಗೆದ್ದಿಲ್ಲವೆಂದರೆ ನೀವು ಸಾಕಷ್ಟು ಡಬಲ್ ಅನ್ನುತ್ತಿಲ್ಲ." ಮಾತು ಸುಳ್ಳಲ್ಲ, ವಿಳಾಸ ತಪ್ಪಿದೆ. ಪೇರ್ಸ್ ಆಟದಲ್ಲಿ, ಸಣ್ಣ ಕಾಂಟ್ರ್ಯಾಕ್ಟ್‌ಗಳ ಜಗಳದಲ್ಲಿ ಅದು ಹೊಂದುತ್ತದೆ. ಬೇರೆ ಮೇಜುಗಳವರು 110, 140 ಬರೆದುಕೊಳ್ಳುತ್ತಿರುವಾಗ ವಲ್ನರಬಲ್ ಎದುರಾಳಿಯನ್ನು ಒಂದು ಟ್ರಿಕ್ ಬೀಳಿಸಿ 200 ಪಡೆದರೆ ಎಲ್ಲರಿಗಿಂತ ಮೇಲೆ. ಅಲ್ಲಿ ತಪ್ಪು ಡಬಲ್ ಒಂದು ಹಂಚಿಕೆಯ ಅಂಕ ಕಳೆಯುತ್ತದೆ, ಅಷ್ಟೆ. ಟೀಮ್ ಆಟದಲ್ಲಿ ನಷ್ಟದ ಗಾತ್ರಕ್ಕೆ ಬೆಲೆಯಿದೆ. ಎರಡು ಸ್ಪೇಡ್‌ಗೆ ಡಬಲ್ ಅಂದು ಗೆದ್ದರೆ ಎದುರಾಳಿಗೆ ಗೇಮನ್ನೇ ಕಟ್ಟಿಕೊಟ್ಟಂತೆ ಎಂದು ಬೆಚ್ಚಿ ಟೀಮ್ ಆಟದಲ್ಲಿ ಸಣ್ಣ ಡಬಲ್ ಮುಟ್ಟದ ಇದೇ ಮಹನೀಯರು ಐದು ಹಾರ್ಟ್‌ಗೆ ಮಾತ್ರ ಪೇರ್ಸ್ ಮಂತ್ರ ಪಠಿಸುತ್ತಾರೆ. ಸರಿಯಾದರೆ ಅದು ಧೈರ್ಯ, ತಪ್ಪಾದರೆ "ಎಲೆ ಕೆಟ್ಟದಾಗಿ ಹಂಚಿತ್ತು." ಯಾವ ಫಲಿತಾಂಶ ಬಂದರೂ ಸೋಲದ ಸಿದ್ಧಾಂತವನ್ನು ಪರೀಕ್ಷಿಸುವುದು ಹೇಗೆಂದು ನ್ಯಾಯಾಧೀಶರೇ ಹೇಳಬೇಕು.

ನಾಲ್ಕನೆಯ ವಾದದಲ್ಲಿ ಮಾತ್ರ ತಿರುಳಿದೆ: "ಅವರು ಬಲಿದಾನದ ಬಿಡ್ ಮಾಡಿ ನಮ್ಮ ಗೇಮ್ ಕದಿಯುತ್ತಿದ್ದಾರೆ. ಡಬಲ್ ಅನ್ನದಿದ್ದರೆ ಕಳ್ಳತನಕ್ಕೆ ಪ್ರೋತ್ಸಾಹ." ನಾವು ವಲ್ನರಬಲ್, ಅವರಲ್ಲ. ನಮ್ಮ ನಾಲ್ಕು ಹಾರ್ಟ್ ಖಚಿತ, ಇನ್ನೊಂದು ಮೇಜಿನಲ್ಲಿ 620 ಆಗಿದೆ. ಇಲ್ಲಿ ಅವರು ಐದು ಡೈಮಂಡ್ ಅಂದರು. ಎರಡು ಟ್ರಿಕ್ ಬಿದ್ದರೆ ಡಬಲ್ ಇಲ್ಲದೆ 100, ನಮಗೆ 11 ಐಎಂಪಿ ನಷ್ಟ. ಡಬಲ್ ಇದ್ದರೆ 300, ನಷ್ಟ 8ಕ್ಕೆ ಇಳಿಯುತ್ತದೆ. ಅಕಸ್ಮಾತ್ ಐದು ಡೈಮಂಡ್ ಗೆದ್ದರೆ 14 ಇದ್ದದ್ದು 15 ಆಗುತ್ತದೆ. ಒಂದು ಕೊಟ್ಟು ಮೂರು ಪಡೆಯುವ ವ್ಯಾಪಾರ ಇದು. ಇಲ್ಲಿ ಡಬಲ್ ಸರಿ, ನಾನೂ ಅನ್ನುತ್ತೇನೆ. ಆದರೆ ಇದನ್ನು ಸರಿ ಮಾಡಿದ್ದು ಯಾವುದು? ವಲ್ನರಬಿಲಿಟಿ, ನಮ್ಮ ಗೇಮ್‌ನ ಖಾತ್ರಿ, ಇನ್ನೊಂದು ಮೇಜಿನ ಸಂಭವನೀಯ ಫಲಿತಾಂಶ. ಇವು ಮೂರೂ ನನ್ನ ಅಳತೆಗೋಲುಗಳು. ಎರಡೂ ಕಡೆ ವಲ್ನರಬಲ್ ಇರುವಾಗ, ಇಬ್ಬರ ಬಳಿಯೂ ಹತ್ತು ಹತ್ತು ತುರುಪು ಇರುವಾಗ, ಯಾರು ಯಾರ ಗೇಮ್ ಕದಿಯುತ್ತಿದ್ದಾರೆಂದು ತಿಳಿಯದೆ "ಕಳ್ಳ, ಕಳ್ಳ" ಎಂದು ಕೂಗುವುದಕ್ಕೆ ಈ ಲೆಕ್ಕ ಸಾಕ್ಷಿ ಹೇಳುವುದಿಲ್ಲ.

ಇದಕ್ಕೇ ಬಾಲಂಗೋಚಿಯಾಗಿ 1987ರ ಅಂಕ ಬದಲಾವಣೆಯನ್ನು ಎಳೆದು ತರುವವರಿದ್ದಾರೆ: ಅಂದಿನಿಂದ ಡಬಲ್‌ಗೆ ಬೆಲೆ ಹೆಚ್ಚಿದೆಯಂತೆ. ಡಬಲ್‌ನ ದಂಡದಲ್ಲಿ ಬದಲಾದದ್ದು ವಲ್ನರಬಲ್ ಅಲ್ಲದವರ ನಾಲ್ಕನೇ ಸೋಲಿನ ಟ್ರಿಕ್‌ನಿಂದ ಮುಂದಕ್ಕೆ ಮಾತ್ರ. ತಲಾ 200 ಇದ್ದದ್ದು 300 ಆಯಿತು. ಮೊದಲ ಮೂರಕ್ಕೆ 100, 300, 500 ಇದ್ದ ಹಾಗೇ ಇದೆ. ನಮ್ಮ ಜಗಳವೆಲ್ಲ ಒಂದು ಟ್ರಿಕ್ ಬೀಳುತ್ತದೋ ಇಲ್ಲವೋ ಎಂಬುದರ ಬಗ್ಗೆ.

ಐದನೆಯ ವಾದ: "ಐದರ ಮಟ್ಟ ಎದುರಾಳಿಗಳಿಗೇ ಸೇರಿದ್ದು ಎಂದು ಹಿರಿಯರೇ ಹೇಳಿದ್ದಾರೆ, ಆದ್ದರಿಂದ ಡಬಲ್." ಹಿರಿಯರು ಹೇಳಿದ್ದು ಎದುರಾಳಿಗಳ ಐದರ ಮೇಲೆ ನೀವು ಐದು ಅನ್ನಬೇಡಿ ಎಂದು. ಡಬಲ್ ಅನ್ನಿ ಎಂದಲ್ಲ. ಬಿಡ್ಡಿಂಗ್ ಪೆಟ್ಟಿಗೆಯಲ್ಲಿ ಹಸಿರು ಬಣ್ಣದ ಪಾಸ್ ಕಾರ್ಡುಗಳೇ ಎಲ್ಲಕ್ಕಿಂತ ಹೆಚ್ಚು ಇರುತ್ತವೆ.

ಪಾಸ್ ಎಂದಕೂಡಲೇ ಆರನೆಯ ವಾದ ಸಿದ್ಧ: "ಗೇಮ್‌ನ ಬಲ ನಮ್ಮದೆಂದು ತೋರಿಸಿಯಾದ ಮೇಲೆ ಪಾಸ್ ಅಂದು ಬಿಟ್ಟುಬಿಡುವಂತಿಲ್ಲ." ನಿಜ. ಅದಕ್ಕೇ ಅಲ್ಲಿ ಪಾಸ್ ಅನ್ನುವುದು ಫೋರ್ಸಿಂಗ್ ಪಾಸ್: ಜೊತೆಗಾರನೇ, ನೀನು ತೀರ್ಮಾನಿಸು ಎಂದರ್ಥ. ಮೇಲಿನ ಕೈಗೇ ಮರಳಿ ಬನ್ನಿ. ನೀವು ಪಾಸ್ ಅಂದರೆ, ಸ್ಪೇಡ್‌ನಲ್ಲಿ ಏನೂ ಇಲ್ಲದ, ಐದು ಹಾರ್ಟ್ ಹಿಡಿದ ಜೊತೆಗಾರ ಐದು ಹಾರ್ಟ್ ಅನ್ನುತ್ತಾನೆ. ಎದುರಾಳಿಗಳು ಕ್ಲಬ್ ತುರುಪು ಹೊಡೆಯುವುದನ್ನು ಕಂಡುಹಿಡಿಯದಿದ್ದರೆ 650 ನಿಮಗೆ. ಕಂಡುಹಿಡಿದು, ಡಬಲ್ ಕೂಡ ಅಂದಿದ್ದರೆ ನೀವು ಕೊಡುವುದು ಹೆಚ್ಚೆಂದರೆ 500. ಪಂಥದ ಡಬಲ್ ಕೊಟ್ಟದ್ದು 790. ಫೋರ್ಸಿಂಗ್ ಪಾಸ್ ಹುಟ್ಟಿದ್ದೇ ಒಂಟಿ ಕೈ ನೋಡಿ ಡಬಲ್ ಅನ್ನುವುದನ್ನು ತಡೆಯಲು. ಅದನ್ನೇ ಡಬಲ್‌ಗೆ ಆಧಾರ ಮಾಡಿಕೊಳ್ಳುವುದಕ್ಕೆ ವಿಶೇಷ ಪ್ರತಿಭೆ ಬೇಕು.

ಸೋಲುವ ಹೊತ್ತಿಗೆ ಅವರು ಹಿಡಿಯುವ ಕೊನೆಯ ಆಸರೆ ಇದು: "ನನ್ನ ಡಬಲ್ ಸಲಹೆಯಷ್ಟೇ, ಬೇಡವಾದರೆ ಜೊತೆಗಾರ ತೆಗೆಯಬಹುದಿತ್ತು." ಜೊತೆಗಾರ ತೆಗೆದು ಸೋತ ದಿನ ಇದೇ ಬಾಯಿ "ದಂಡದ ಡಬಲ್ ತೆಗೆಯಲು ನಿನಗೆ ಯಾರು ಹೇಳಿದರು?" ಅನ್ನುತ್ತದೆ. ಎರಡರಲ್ಲಿ ಒಂದೇ ನಿಜವಿರಲು ಸಾಧ್ಯ. ಯಾವುದು ಎಂದು ಜೊತೆಗಾರನಿಗೆ ಗೊತ್ತಾಗುವ ಬಗೆ ಮೇಜಿನ ಮೇಲೆ ಎಲ್ಲರೂ ಬಲ್ಲದ್ದೇ: ಡಬಲ್ ಕಾರ್ಡ್ ತಟ್ಟನೆ ಬಿದ್ದರೆ ದಂಡ, ಸೂರು ನೋಡಿ ನಿಟ್ಟುಸಿರು ಬಿಟ್ಟು ಮೆಲ್ಲಗೆ ಇಳಿದರೆ ಸಲಹೆ. ಡೂಪ್ಲಿಕೇಟ್ ಬ್ರಿಜ್‌ನ 16ನೇ ನಿಯಮ ನಿಷೇಧಿಸುವುದು ಇದನ್ನೇ. ಜೊತೆಗಾರನ ತಡವರಿಕೆಯಿಂದ ಸಿಕ್ಕ ಸುಳಿವಿನ ಮೇಲೆ ಬಿಡ್ ಮಾಡುವಂತಿಲ್ಲ. ಮಾಡಿದರೆ ನಿರ್ದೇಶಕರು ಅಂಕ ತಿದ್ದಬಹುದು. ನಿಯಮದೊಳಗೆ ಆಡಿದರೆ ಆ ಡಬಲ್‌ಗೆ ಒಂದೇ ಅರ್ಥ ಇರಬೇಕು. ಅದು ಯಾವುದೆಂದು ಪಂಥ ಮೊದಲು ತನ್ನೊಳಗೇ ಒಪ್ಪಂದಕ್ಕೆ ಬರಲಿ.

ಸ್ಲ್ಯಾಮ್‌ನ ಮಾತಂತೂ ಅವರಿಗೆ ಇರುಸುಮುರುಸು. ಅಮೆರಿಕದ ಥಿಯೋಡೋರ್ ಲೈಟ್ನರ್ ಸುಮಾರು ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟ: ತಾವಾಗಿ ಏರಿದ ಸ್ಲ್ಯಾಮ್‌ಗೆ ಡಬಲ್ ಅನ್ನುವುದು ಹೆಚ್ಚುವರಿ ನೂರಿಗಲ್ಲ, ಜೊತೆಗಾರನಿಂದ ಅನಿರೀಕ್ಷಿತ ಎಲೆ ಇಳಿಸಲು. ಇನ್ನೊಂದು ಮೇಜಿನಲ್ಲಿ ಆರು ಸ್ಪೇಡ್ ಗೆದ್ದು 1430 ಆಗಿರಲಿ. ಆ ಇಳಿತದಿಂದ ಇಲ್ಲಿ ಸ್ಲ್ಯಾಮ್ ಬಿದ್ದರೆ 17 ಐಎಂಪಿ. ಬೀಳದಿದ್ದರೆ ಹೋಗುವುದು 6. ಈ ಡಬಲ್ ಅನ್ನುವವನ ಕೈಯಲ್ಲಿ ಅನೇಕ ಸಲ ಪಾಯಿಂಟೇ ಇರುವುದಿಲ್ಲ. ಒಂದು ಬಣ್ಣದಲ್ಲಿ ಎಲೆಯೇ ಇಲ್ಲ, ಅಷ್ಟೆ. ಇಡೀ ಬ್ರಿಜ್‌ನ ಅತ್ಯಂತ ಲಾಭದ ಡಬಲ್ ಪಂಥದ ಮೊದಲ ಸೂತ್ರವನ್ನೇ ಉಲ್ಲಂಘಿಸುತ್ತದೆ.

ಪಂಥದವರಿಗೆ ನನ್ನದು ಒಂದೇ ಕೋರಿಕೆ. ಮುಂದಿನ ಸಲ ಕೆಂಪು ಕಾರ್ಡ್ ತೆಗೆಯುವ ಮುನ್ನ, ಕಾಂಟ್ರ್ಯಾಕ್ಟ್ ಬೀಳಿಸಲು ಬೇಕಾದ ಟ್ರಿಕ್‌ಗಳು ಯಾವ ಯಾವ ಎಲೆಯಿಂದ ಬರುತ್ತವೆಂದು ಮನಸ್ಸಿನಲ್ಲೇ ಹೆಸರಿಟ್ಟು ಎಣಿಸಿ. ಎಣಿಕೆ ತುಂಬಿದರೆ ಡಬಲ್ ಅನ್ನಿ. ತುಂಬದಿದ್ದರೆ ಕಾರ್ಡು ಪೆಟ್ಟಿಗೆಯಲ್ಲೇ ಇರಲಿ.